ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ‘ಇಂಡಿಯನ್ ಹೋಮ್ ರೂಲ್’

ಪ್ರಶ್ನೆ: ನಾಪೋಕ್ಲು ಸಮೀಪದ ನಮ್ಮ ಐನ್‌ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಗಾಂಧೀಜಿಯವರ ‘ಇಂಡಿಯನ್ ಹೋಮ್ ರೂಲ್’ ಎಂಬ ಇಂಗ್ಲಿಷ್ ಕಿರುಹೊತ್ತಗೆ ಸಿಕ್ಕಿತು. ರಕ್ಷಾಪುಟವೂ ಮೊದಲ ಒಂದೆರಡು ಹಾಳೆಗಳೂ ಇಲ್ಲ. ಒಳಗೆ ಒಂದು ಕಡೆ 1910 ಎಂದೂ ಇನ್ನೊಂದು ಕಡೆ 1921ರ ಜನವರಿ ಎಂದೂ ಇದೆ. ಸರ್ಕಾರ ನಿಷೇಧಿಸಿದ್ದ ಪುಸ್ತಕವೆಂದು ಅಜ್ಜ ಇದನ್ನು ಪತ್ತಾಯದ ಭತ್ತದೊಳಗೆ ಅಡಗಿಸಿದ್ದರಂತೆ. ಇದು ಆ ಮೊದಲ ಮುದ್ರಣವೇ? ಮಳೆಗಾಲದಲ್ಲಿ ಇದನ್ನು ಕಾಪಾಡುವುದು ಹೇಗೆ?
— ಓದುಗರೊಬ್ಬರು, ಕೊಡಗು

ಉತ್ತರ: ತಮ್ಮ ಪ್ರತಿ ಮೊದಲ ಮುದ್ರಣದ್ದಲ್ಲ. ಅದನ್ನು ತಾವು ಬರೆದಿರುವ ಎರಡನೆಯ ಇಸವಿಯೇ ಹೇಳಿಬಿಡುತ್ತದೆ.

ಗಾಂಧೀಜಿ ಈ ಕೃತಿಯನ್ನು ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಎಂಬ ಹೆಸರಿನಿಂದ, 1909ರ ನವೆಂಬರ್ 13ರಿಂದ 22ರವರೆಗೆ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತಿದ್ದ ‘ಕಿಲ್ಡೋನನ್ ಕ್ಯಾಸಲ್’ ಹಡಗಿನ ಕಾಗದದ ಮೇಲೆಯೇ ಬರೆದರು. ಬಲಗೈ ಸೋತಾಗ ಸುಮಾರು 40 ಪುಟಗಳನ್ನು ಎಡಗೈಯಲ್ಲಿ ಬರೆದರು. ಆ ವರ್ಷದ ಜುಲೈ 1ರಂದು ಮದನಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದಿದ್ದರು. ಶಸ್ತ್ರದಿಂದಲೇ ಸ್ವಾತಂತ್ರ್ಯ ಬರುವುದೆಂದು ವಾದಿಸುತ್ತಿದ್ದ ಅಲ್ಲಿನ ಭಾರತೀಯ ತರುಣರಿಗೆ ಗಾಂಧೀಜಿ ಕೊಟ್ಟ ಉತ್ತರವೇ ಈ ಪುಸ್ತಕ. ವಾಚಕ ಕೇಳುತ್ತಾನೆ, ಸಂಪಾದಕ ಉತ್ತರಿಸುತ್ತಾನೆ. ಇಪ್ಪತ್ತು ಅಧ್ಯಾಯಗಳೂ ಹೀಗೆಯೇ ಸಾಗುತ್ತವೆ. (ನಮ್ಮ ಈ ಅಂಕಣದ ವಾಚಕರು ಅಷ್ಟು ಪಟ್ಟು ಹಿಡಿಯುವುದಿಲ್ಲವೆಂಬುದು ನಮ್ಮ ಪುಣ್ಯ.)

ಈ ಗುಜರಾತಿ ಬರಹ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ನಡೆಸುತ್ತಿದ್ದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ 1909ರ ಡಿಸೆಂಬರ್ 11 ಮತ್ತು 18ರ ಸಂಚಿಕೆಗಳಲ್ಲಿ ಅಚ್ಚಾಗಿ, ಮರುತಿಂಗಳು ಪುಸ್ತಕವಾಯಿತು. 1910ರ ಮಾರ್ಚಿನಲ್ಲಿ ಮುಂಬಯಿ ಸರ್ಕಾರ ನಿಷೇಧಿಸಿದ್ದು ಈ ಗುಜರಾತಿ ಪುಸ್ತಕವನ್ನು. ಅದೇ ಹೊತ್ತಿಗೆ ಗಾಂಧೀಜಿ ಇಂಗ್ಲಿಷ್ ಅನುವಾದವನ್ನು ನೇಟಾಲಿನ ಫೀನಿಕ್ಸ್ ಆಶ್ರಮದ ಮುದ್ರಣಾಲಯದಿಂದ ಹೊರತಂದರು. ಅದರ ಮುನ್ನುಡಿಯ ಕೊನೆಯಲ್ಲಿರುವ 1910ರ ಇಸವಿ ಮುಂದಿನ ಮುದ್ರಣಗಳಲ್ಲಿಯೂ ಹಾಗೆಯೇ ಉಳಿಯುವುದರಿಂದ, ಅದೊಂದನ್ನೇ ನಂಬಿದವರೆಲ್ಲ ತಮ್ಮಲ್ಲಿರುವುದು ಮೊದಲ ಮುದ್ರಣವೆಂದೇ ತಿಳಿಯುತ್ತಾರೆ. 1921ರ ಜನವರಿಯ ಬರಹವಾದರೋ ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಗಾಗಿ ಬರೆದದ್ದು. ಮಹಿಳಾ ಮಿತ್ರರೊಬ್ಬರ ಮಾತಿಗೆ ಮನ್ನಣೆ ಕೊಟ್ಟು ಒಂದೇ ಒಂದು ಪದವನ್ನು ಬಿಡುವುದರ ಹೊರತು ಈ ಪುಸ್ತಕದಲ್ಲಿ ತಾವು ಏನನ್ನೂ ಬದಲಿಸುವುದಿಲ್ಲವೆಂದು ಗಾಂಧೀಜಿ ಹೇಳಿದ್ದು ಅಲ್ಲಿಯೇ. ಅದು ಸೇರಿರುವ ಪ್ರತಿ 1921ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಜೊತೆಗೆ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಪೀಠಿಕೆಯೂ ಇದ್ದರೆ 1938ರ ಈಚಿನದು. ಬೆಲೆ ನಯಾಪೈಸೆಯಲ್ಲಿದ್ದರೆ 1957ರ ಈಚಿನದು.

ಹಾಗೆಂದು ಅಜ್ಜನ ಕಥೆಯನ್ನು ತಳ್ಳಿಹಾಕಬೇಕಾಗಿಲ್ಲ. 1932ರಲ್ಲಿಯೂ 1942ರಲ್ಲಿಯೂ ಕಾಂಗ್ರೆಸ್ಸೇ ಕಾನೂನುಬಾಹಿರವೆನಿಸಿದ್ದಾಗ ಇಂತಹ ಪುಸ್ತಕವನ್ನು ಭತ್ತದಡಿ ಹೂತಿಟ್ಟದ್ದು ಸಹಜವೇ. ತಾವು ಕೇಳಿದ ಪ್ರಶ್ನೆ ಒಮ್ಮೆ ಸರ್ಕಾರದ ಮುಂದೆಯೂ ಬಂದಿತ್ತೆಂಬುದು ಸ್ವಾರಸ್ಯದ ಸಂಗತಿ. 1919ರ ಏಪ್ರಿಲ್ 6ರಂದು ರೌಲತ್ ಕಾಯಿದೆಯನ್ನು ವಿರೋಧಿಸಿ ಗಾಂಧೀಜಿ ಮತ್ತು ಸಂಗಡಿಗರು ಮುಂಬಯಿಯ ಬೀದಿಗಳಲ್ಲಿ ನಿಷೇಧಿತ ‘ಹಿಂದ್ ಸ್ವರಾಜ್’ನ ಮರುಮುದ್ರಣವನ್ನು ಬಹಿರಂಗವಾಗಿ ಮಾರಿದರು. ಬೆಲೆ ನಾಲ್ಕಾಣೆ; ಜನ ಐದು, ಹತ್ತು ರೂಪಾಯಿ ಕೊಟ್ಟು ಕೊಂಡರು, ಒಬ್ಬರು 50 ರೂಪಾಯಿಯನ್ನೇ ಕೊಟ್ಟರು. ಸೆರೆಮನೆಗೆ ಸಿದ್ಧರಾಗಿಯೇ ಕೊಂಡವರಿಗೆ ಆಮೇಲೆ ತಿಳಿದದ್ದೇನೆಂದರೆ, ಮಾರಾಟವಾದದ್ದು ಹೊಸ ಮುದ್ರಣ, ನಿಷೇಧಿತ ಪುಸ್ತಕವಲ್ಲ, ಆದ್ದರಿಂದ ಅಪರಾಧವೂ ಇಲ್ಲ ಎಂಬುದು ಸರ್ಕಾರದ ನಿಲುವು!

ಗಾಂಧೀಜಿ ಹರಿಜನ ನಿಧಿಗಾಗಿ 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದಿದ್ದರು. ಅಜ್ಜ ಇದನ್ನು ಆ ಹೊತ್ತಿಗೆ ಕೊಂಡಿದ್ದರೂ ಇರಬಹುದು; ಪ್ರತಿಯಲ್ಲಿನ ಗುರುತುಗಳೇ ಅದನ್ನು ಹೇಳಬೇಕು. ಅಂಚುಗಳಲ್ಲಿ ಅಜ್ಜನ ಹೆಸರು, ಕೊಂಡ ತಾರೀಖು, ಅಂಗಡಿಯ ಮೊಹರು ಏನಿದ್ದರೂ ಅಳಿಸಬೇಡಿ. ಮುದ್ರಣದ ವರ್ಷಕ್ಕಿಂತ ಆ ಗುರುತುಗಳೇ ಈ ಪ್ರತಿಯ ಬೆಲೆಯನ್ನು ಹೆಚ್ಚಿಸುತ್ತವೆ.

ಇನ್ನು ಮಳೆಗಾಲದ ಮಾತು. ತಗಡಿನ ಪೆಟ್ಟಿಗೆ ತೇವದಲ್ಲಿ ಬೆವರುತ್ತದೆ, ತುಕ್ಕು ಹಾಳೆಗೆ ಹತ್ತುತ್ತದೆ. ಪುಸ್ತಕವನ್ನು ಅದರಿಂದ ಹೊರಗೆ ತೆಗೆಯಿರಿ. ಒಲೆಯ ಮೇಲಾಗಲಿ, ಕಾಫಿ ಒಣಗಿಸುವ ಕಣದ ಬಿಸಿಲಿನಲ್ಲಾಗಲಿ ಇದನ್ನು ಒಣಗಿಸಬಾರದು. ಹಾಳೆ ಹಪ್ಪಳದಂತೆ ಮುರಿಯುತ್ತದೆ. ಬೂಸ್ಟು ಕಂಡರೆ ನೆರಳಿನಲ್ಲಿ ಗಾಳಿಗಿಟ್ಟು, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಮೆಲ್ಲಗೆ ತೆಗೆಯಿರಿ. ಅಂಟುಪಟ್ಟಿ, ಲ್ಯಾಮಿನೇಷನ್ ಎರಡೂ ಬೇಡ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ.

ಓದಲು ಬೇಕಾದವರಿಗೆ ಛಾಯಾಪ್ರತಿ ತೆಗೆದು ಕೊಡಬಹುದು. 1910ರ ಮುಖಪುಟದ ಮೇಲೆಯೇ ‘ಯಾವ ಹಕ್ಕುಗಳನ್ನೂ ಕಾಯ್ದಿರಿಸಿಲ್ಲ’ ಎಂದು ಅಚ್ಚಾಗಿದೆ. ಆ ಮುಖಪುಟದ ನಕಲನ್ನು ತಂದು ತಮ್ಮ ಪ್ರತಿಯ ಮುಂದೆ ಅಂಟಿಸುವ ಆಸೆ ಮಾತ್ರ ಬೇಡ.