ಹಲ್ಲುಸೆಟ್ಟಿನ ಕ್ಯಾಂಡಿಡಾಗೆ ಫಾರ್ನೆಸಾಲ್ ಹಚ್ಚಬಹುದಾ?

ತಾಯಿಯ ಹಲ್ಲುಸೆಟ್ಟಿನ ಕೆಳಗೆ ಕ್ಯಾಂಡಿಡಾ ಅನ್ನೋ ಶಿಲೀಂಧ್ರ (ಫಂಗಸ್) ಪದೇ ಪದೇ ಬರುತ್ತಿದೆ, ಅದಕ್ಕೆ ಕೊಡುವ ಫ್ಲುಕೊನಜೋಲ್ ಮಾತ್ರೆ ಜೊತೆ ಫಾರ್ನೆಸಾಲ್ ಎಣ್ಣೆ ಹಚ್ಚಬಹುದಾ ಅಂತ ಕೇಳಿದ್ದೀರಿ. ಬೇಡ ಅಂತಲೇ ಹೇಳುತ್ತೇನೆ.

ಫಾರ್ನೆಸಾಲ್ ಅಂದರೆ ಕ್ಯಾಂಡಿಡಾ ಆಲ್ಬಿಕಾನ್ಸ್ ತಾನೇ ಹೊರಬಿಡುವ ಸಂದೇಶದ ಅಣು. 2001ರಲ್ಲಿ ಇದು ಗೊತ್ತಾಯಿತು. ಗುಂಪು ದೊಡ್ಡದಾಯಿತು, ಇನ್ನು ದಾರದಂಥ ಎಳೆ ಬಿಡಬೇಡಿ ಅಂತ ಅದು ಉಳಿದ ಕೋಶಗಳಿಗೆ ಹೇಳುತ್ತದೆ. ಎಳೆ ಇಲ್ಲದೆ ಗಟ್ಟಿ ಪದರ ಕಟ್ಟುವುದು ಕಷ್ಟ. ಆ ಪದರದ ಅಂಟೇ ಫ್ಲುಕೊನಜೋಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಕೋಶಕ್ಕೆ ಮದ್ದು ಸರಿಯಾಗಿ ಮುಟ್ಟುವುದೇ ಇಲ್ಲ. ಲ್ಯಾಬಿನಲ್ಲಿ ಎರಡನ್ನೂ ಸೇರಿಸಿದಾಗ ಕಡಿಮೆ ಮದ್ದಿಗೇ ಫಲ ಸಿಕ್ಕಿದೆ, ನಿಜ. ಆದರೆ ಎಳೆ ಆಗಲೇ ಬಿಟ್ಟಿದ್ದರೆ ಫಾರ್ನೆಸಾಲ್ ಕೈಯಲ್ಲಿ ಹೆಚ್ಚೇನೂ ಆಗುವುದಿಲ್ಲ. ಸೆಟ್ಟಿನ ಮೇಲಿರುವುದು ಹಳೇ ಪದರ ಅಲ್ವಾ? ಸಾಲದ್ದಕ್ಕೆ, ರಕ್ತಕ್ಕೆ ಕ್ಯಾಂಡಿಡಾ ಸೇರಿಸಿದ ಇಲಿಗಳಿಗೆ ಫಾರ್ನೆಸಾಲ್ ಕೊಟ್ಟಾಗ ಸಾವು ಜಾಸ್ತಿಯಾಯಿತು. ಸೆಂಟಿಗೂ ಹಾಕುವ ವಸ್ತು ಇದು, ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ.

ಸೆಟ್ಟನ್ನು ರಾತ್ರಿ ತೆಗೆದಿಡಲಿ. ಅಂಗುಳಿಗೆ ಅಂಟುವ ಒಳಮೈಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ. ಅದು ಬಿಟ್ಟು ಸುಮ್ನೆ ಮಾತ್ರೆ ನುಂಗಿದರೆ ಕ್ಯಾಂಡಿಡಾ ವಾಪಸ್ ಬರುತ್ತಲೇ ಇರುತ್ತದೆ. ಸೆಟ್ಟು ಸಡಿಲವಾಗಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಶುಗರ್ ಕೂಡ ಒಮ್ಮೆ ಚೆಕ್ ಮಾಡಿಸಿ.