ಸ್ಕೂಬಾ ಕಲಿಯಲು ಪ್ಯಾಡಿ ಒಳ್ಳೆಯದಾ, ಎಸ್‌ಎಸ್‌ಐ ಒಳ್ಳೆಯದಾ?

ಪ್ಯಾಡಿ, ಎಸ್‌ಎಸ್‌ಐ ಅಂದರೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿಸಿ ಕಾರ್ಡ್ ಕೊಡುವ ಸಂಸ್ಥೆಗಳು. ಹೊಸಬರಿಗೆ ಎರಡೂ ಒಳ್ಳೆಯವೇ. ಪ್ಯಾಡಿ ಶುರುವಾಗಿದ್ದು 1966ರಲ್ಲಿ, ಎಸ್‌ಎಸ್‌ಐ 1970ರಲ್ಲಿ. ಎರಡರ ಓಪನ್ ವಾಟರ್ (ಮೊದಲ ಹಂತದ) ಕಾರ್ಡಿಗೂ 18 ಮೀಟರ್ ಆಳವೇ ಮಿತಿ, ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಒಂದರಲ್ಲಿ ಕಲಿತು ಮುಂದಿನ ಕೋರ್ಸ್ ಇನ್ನೊಂದರಲ್ಲಿ ಮಾಡಬಹುದು. ಹಾಗಾಗಿ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ನೋಡಬೇಕಾದ್ದು ಕಲಿಸುವವರನ್ನು. ಉದಾಹರಣೆಗೆ, ಕಣ್ಣು ಮೂಗು ಮುಚ್ಚುವ ಮಾಸ್ಕಿಗೆ ನೀರು ತುಂಬಿದಾಗ ಮೇಲಿನ ಅಂಚನ್ನು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಊದಿ ನೀರು ಹೊರಹಾಕಬೇಕು. ಕೇಳೋಕೆ ಸುಲಭ ಅಲ್ವಾ? ನೀರಿನಡಿ ಮೊದಲ ಸಲ ಎದೆ ಡವಡವ ಅನ್ನುತ್ತದೆ. ಆಗ ಅವಸರ ಮಾಡದೆ ಹತ್ತು ಸಲವಾದರೂ ಮಾಡಿಸುವ ತಾಳ್ಮೆ ಅವರಿಗಿರಬೇಕು. ಒಂದು ತಂಡದಲ್ಲಿ ಎಷ್ಟು ಜನ ಅಂತ ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಕಮ್ಮಿ ಇದ್ದಷ್ಟೂ ಒಳ್ಳೆಯದು.