ಸೇಲ್‌ಬೋಟ್ ಇಂಜಿನ್ ಗೇರ್ ಹಾಕಿದ್ರೆ ನಡುಗುತ್ತೆ, ಶಾಫ್ಟ್ ಅಲೈನ್‌ಮೆಂಟ್ ನಾವೇ ಮಾಡ್ಕೋಬಹುದಾ?

ಮಾಡ್ಕೋಬಹುದು. ಅಲೈನ್‌ಮೆಂಟ್ ಅಂದ್ರೆ ಇಂಜಿನ್ನೂ ಪ್ರೊಪೆಲ್ಲರ್ ತಿರುಗಿಸೋ ಶಾಫ್ಟೂ ಒಂದೇ ಸಾಲಿಗೆ ಬರೋ ಹಾಗೆ ಹೊಂದಿಸೋದು. ನಾನು ಮಾಡ್ಕೊಂಡಿದ್ದೀನಿ, ಎರಡು ವೀಕೆಂಡ್ ಪೂರ್ತಿ ಹಿಡೀತು. ನಿಮ್ಮದು 30 ಅಡಿ ಬೋಟು, ಚಳಿಗಾಲದಲ್ಲಿ ದಡಕ್ಕೆ ಎತ್ತಿಟ್ಟಾಗ ಇಂಜಿನ್ ಮೌಂಟ್ (ಇಂಜಿನ್ ಕೂರೋ ರಬ್ಬರ್ ಕಾಲುಗಳು) ಹೊಸದು ಹಾಕ್ಸಿ ಅಲ್ಲೇ ಅಲೈನ್ ಕೂಡ ಮಾಡ್ಸಿದ್ರಿ, ಈಗ ನೀರಿಗೆ ಇಳಿಸಿದ ಮೇಲೆ 1800 ಆರ್‌ಪಿಎಂ ದಾಟಿದ್ರೆ ಒಳಗಿರೋ ಪಾತ್ರೆಯೆಲ್ಲ ಗಡಗಡ ಅಂತಾವೆ ಅಂತ ಬರ್ದಿದ್ದೀರಿ. ನನಗೂ ಅಮೆರಿಕದ ಚೆಸಪೀಕ್ ಕೊಲ್ಲೀಲಿ ಹೆಚ್ಚುಕಮ್ಮಿ ಇದೇ ಆಗಿತ್ತು, 31 ಅಡಿ ಹಳೇ ಫೈಬರ್ ಬೋಟು, ಮೂರು ಸಿಲಿಂಡರ್ ಯಾನ್ಮಾರ್ ಡೀಸೆಲ್.

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಒಂದು ಟೆಸ್ಟ್ ಮಾಡಿ. ನ್ಯೂಟ್ರಲ್‌ನಲ್ಲಿ ಇಟ್ಟು ಅದೇ 1800ಕ್ಕೆ ಏರಿಸಿ. ಆಗಲೂ ನಡುಗಿದ್ರೆ ಶಾಫ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಮೌಂಟ್ ನೋಡಿ, ಯಾವ್ದಾದ್ರೂ ಸಿಲಿಂಡರ್ ಸರಿಯಾಗಿ ಹೊಡೀತಿಲ್ವಾ ನೋಡಿ. ಗೇರ್ ಹಾಕಿದಾಗ ಮಾತ್ರ ಅಂದ್ರೆ ಗೇರ್‌ಬಾಕ್ಸಿಂದ ಹಿಂದಕ್ಕೆ ಎಲ್ಲೋ ತೊಂದರೆ. ಆಗ ಮೊದಲು ನೀರಿಗಿಳಿದು ಫ್ಯಾನ್ ನೋಡಿ (ಮಲ್ಪೆ ಕಡೆ ಪ್ರೊಪೆಲ್ಲರ್‌ಗೆ ಫ್ಯಾನ್ ಅಂತೀವಿ, ನನಗೆ ಆ ಮಾತೇ ಬಾಯಿಗೆ ಬರುತ್ತೆ), ಇಂಜಿನ್ ಕೀ ಜೇಬಲ್ಲಿ ಇಟ್ಕೊಂಡೇ ಇಳೀರಿ. ಎಲೆ ಮೇಲೆ ಬಾರ್ನಕಲ್ ಚಿಪ್ಪು ಕೂತಿದ್ರೂ ಸಾಕು ಬ್ಯಾಲೆನ್ಸ್ ಹೋಗುತ್ತೆ. ಇಲ್ಲಿ ಚೆಸಪೀಕಲ್ಲಿ ಬೇಸಿಗೇಲಿ ನೀರು ತುಂಬಾ ಏಡಿ ಬುಟ್ಟಿ ತೇಲುಬುರುಡೆಗಳು, ಅದರ ಹಗ್ಗ ಸುತ್ಕೊಂಡ್ರೆ ಶಾಫ್ಟೇ ಬಾಗೋದೂ ಇದೆ. ಫ್ಯಾನ್ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿ ನೋಡಿ, ಲೊಡಲೊಡ ಅಂದ್ರೆ ಕಟ್‌ಲೆಸ್ ಬೇರಿಂಗ್ (ಫ್ಯಾನ್ ಹತ್ತಿರ ಶಾಫ್ಟ್ ಹಿಡಿದಿರೋ ಬೇರಿಂಗ್) ರಬ್ಬರ್ ಸವೆದಿದೆ, ಅದನ್ನ ಬದಲಾಯಿಸದೆ ಅಲೈನ್‌ಮೆಂಟ್ ಮಾಡಿದ್ರೆ ಕೆಲಸ ವೇಸ್ಟ್.

ಇನ್ನು ನಿಮ್ಮ ಕೇಸಲ್ಲಿ ನನಗೆ ಜಾಸ್ತಿ ಅನುಮಾನ ಇರೋದು ದಡದ ಮೇಲೆ ಅಲೈನ್ ಮಾಡಿದ್ದಾರಲ್ಲ, ಅದರ ಮೇಲೆ. ಸ್ಟ್ಯಾಂಡ್ ಮೇಲೆ ಕೂತಾಗ ಬೋಟಿನ ಭಾರ ಎಲ್ಲ ಕೀಲ್ (ತಳದ ಕೆಳಗಿನ ಭಾರದ ರೆಕ್ಕೆ) ಮೇಲೆ, ನೀರಲ್ಲಿ ಸುತ್ತಲೂ ಸಮನಾಗಿ ಎತ್ತಿ ಹಿಡಿದಿರುತ್ತೆ, ದಡದಲ್ಲೂ ನೀರಲ್ಲೂ ಬೋಟಿನ ಒಡಲಿನ ಆಕಾರ ಒಂದೇ ಇರಲ್ಲ. ಅದರ ಮೇಲೆ ಮಾಸ್ಟ್ (ಹಾಯಿಕಂಬ) ನಿಲ್ಸಿ ಬ್ಯಾಕ್‌ಸ್ಟೇ, ಅಂದ್ರೆ ಅದನ್ನ ಹಿಂದಕ್ಕೆ ಎಳೆದು ಕಟ್ಟೋ ತಂತಿ, ಬಿಗಿ ಮಾಡಿದ್ರೆ ಬೋಟಿನ ತುದಿಗಳು ಇನ್ನೊಂಚೂರು ಮೇಲೆ ಎಳೆದುಕೊಳ್ತವೆ. ನಾವಿಲ್ಲಿ ಹುಡುಕ್ತಿರೋದು ತಲೆಕೂದಲಷ್ಟು ವ್ಯತ್ಯಾಸ, ಅದಕ್ಕೆ ಇಷ್ಟು ಬಾಗಿದ್ರೆ ಸಾಕು. ಮಲ್ಪೇಲಿ ನಮ್ಮ ಮಾವನ ಮರದ ಬೋಟು ದಕ್ಕೇಲಿ (ಬೋಟು ಕಟ್ಟೋ ಜಾಗ) ಎರಡು ದಿನ ನೀರು ಕುಡಿದು ಕೂತ ಮೇಲೇನೆ ಮೆಕ್ಯಾನಿಕ್ ಬಂದು ಗೇರ್‌ಬಾಕ್ಸಿಗೂ ಶಾಫ್ಟಿಗೂ ಜೋಡಿಸೋ ಕಪ್ಲಿಂಗ್ ಬಿಗೀತಿದ್ದ, ಚಿಕ್ಕವನಿದ್ದಾಗ ಯಾಕೆ ಸುಮ್ನೆ ಕಾಯ್ತಾನೆ ಅಂತ ಗೊತ್ತಾಗ್ತಿರಲಿಲ್ಲ. ಸೋ ನೀವೂ ನೀರಲ್ಲೇ ಮಾಡಿ, ಮಾಸ್ಟ್ ನಿಂತಿರ್ಲಿ, ರಿಗ್ (ಮಾಸ್ಟ್ ಹಿಡಿದಿರೋ ತಂತಿಗಳು) ಮಾಮೂಲಿ ಬಿಗೀಲಿರ್ಲಿ, ಟ್ಯಾಂಕಲ್ಲಿ ಯಾವಾಗ್ಲೂ ಇರೋವಷ್ಟು ಡೀಸೆಲ್ ನೀರು ಇರ್ಲಿ.

ಕಪ್ಲಿಂಗಿನ ಎರಡು ಫ್ಲ್ಯಾಂಜಿಗೂ (ಎದುರುಬದುರು ಕೂರೋ ಚಪ್ಪಟೆ ಬಿಲ್ಲೆಗಳು) ಪೇಂಟಲ್ಲಿ ಗುರುತು ಹಾಕಿ ಬೋಲ್ಟ್ ಬಿಚ್ಚಿ, ಶಾಫ್ಟನ್ನ ಸ್ವಲ್ಪ ಹಿಂದಕ್ಕೆ ಸರಿಸಿ. ಶಾಫ್ಟ್ ಪೂರ್ತಿ ಹಿಂದಕ್ಕೆ ಜಾರದ ಹಾಗೆ ಅದಕ್ಕೊಂದು ಹೋಸ್ ಕ್ಲಾಂಪ್ ಬಿಗೀರಿ, ಬಿಲ್ಜ್ ಪಂಪ್ (ಬೋಟಿನ ತಳಕ್ಕೆ ಬಂದ ನೀರು ಹೊರಗೆ ಹಾಕೋದು) ಓಡುತ್ತಾ ಅಂತಾನೂ ನೋಡ್ಕೊಳ್ಳಿ. ಈಗ ಇಂಜಿನ್ ಕಡೆ ಆಸರೆ ಇಲ್ಲದ ಶಾಫ್ಟ್ ತನ್ನ ಭಾರಕ್ಕೆ ಜೋತು ಬೀಳುತ್ತೆ, ಬಹಳ ಜನ ಎಡವೋದು ಇಲ್ಲೇ, ಆ ಜೋತುಬಿದ್ದ ಶಾಫ್ಟಿಗೇ ಇಂಜಿನ್ ಇಳಿಸಿ ಹೊಂದಿಸಿಬಿಡ್ತಾರೆ. ಹಾಗಲ್ಲ. ಕಪ್ಲಿಂಗಿನ ಪೂರ್ತಿ ತೂಕ, ಜೊತೆಗೆ ಆಸರೆ ಇಲ್ಲದ ಶಾಫ್ಟಿನ ಅರ್ಧ ತೂಕ, ಇಷ್ಟನ್ನ ಸ್ಪ್ರಿಂಗ್ ತಕ್ಕಡೀಲಿ ಮೇಲಿಂದ ಎತ್ತಿ ಹಿಡೀಬೇಕು. ಆಗ ಶಾಫ್ಟ್ ಎಲ್ಲಿ ನಿಲ್ಲುತ್ತೋ ಅದೇ ಅದರ ನಿಜವಾದ ಜಾಗ, ಇಂಜಿನ್ನೇ ಅಲ್ಲಿಗೆ ಬರಬೇಕು.

ಆಮೇಲೆ ಫ್ಲ್ಯಾಂಜ್ ಮೆಲ್ಲಗೆ ಮುಂದಕ್ಕೆ ತನ್ನಿ. ಒಂದು ಫ್ಲ್ಯಾಂಜಿನ ಮಧ್ಯದ ಉಬ್ಬು ಇನ್ನೊಂದರ ಗುಂಡಿಯೊಳಗೆ ಒತ್ತಾಯ ಇಲ್ಲದೆ ಕೂತ್ಕೊಬೇಕು, ಇಲ್ಲಾಂದ್ರೆ ನಾಲ್ಕೂ ಮೌಂಟ್ ಒಂದೇ ಅಳತೇಲಿ ಮೇಲೆ ಕೆಳಗೆ ಅಥವಾ ಪಕ್ಕಕ್ಕೆ ಮಾಡಿ ಮೊದಲು ಅದನ್ನ ಸರಿಮಾಡಿ. ಕೂತ ಮೇಲೆ ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿಗಳು) ಮೇಲೆ, ಕೆಳಗೆ, ಎಡ, ಬಲ ಸಂದು ಅಳೀರಿ. ಲೆಕ್ಕ ಏನಂದ್ರೆ ಕಪ್ಲಿಂಗಿನ ಒಂದಿಂಚು ವ್ಯಾಸಕ್ಕೆ ಒಂದು ತೌ (ಇಂಚಿನ ಸಾವಿರದಲ್ಲೊಂದು ಭಾಗ), ಅಂದ್ರೆ 4 ಇಂಚಿನ ಕಪ್ಲಿಂಗಿಗೆ 4 ತೌ, 0.1 ಮಿಲಿಮೀಟರ್, ಅಷ್ಟರೊಳಗೆ ಬರಬೇಕು. ನನ್ನದು ಕೆಳಗೆ 12 ತೌ ಬಂತು. ಆಗ ಗೇರ್‌ಬಾಕ್ಸ್ ಕಡೆ ಫ್ಲ್ಯಾಂಜ್ ಅಲ್ಲಾಡದ ಹಾಗೆ ಹಿಡ್ಕೊಂಡು ಶಾಫ್ಟ್ ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದೆ. ಸಂದು ಶಾಫ್ಟ್ ಜೊತೆಗೇ ಸುತ್ತಿದ್ರೆ ಶಾಫ್ಟ್ ಬಾಗಿದೆ ಇಲ್ಲಾ ಕಪ್ಲಿಂಗ್ ಮುಖ ಓರೆ ಇದೆ ಅಂತ, ಅದು ಲೇತ್ ಕೆಲಸ, ಮೌಂಟ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ನನ್ನದು ಕೆಳಗೇ ನಿಂತಿತ್ತು, ಹಾಗಾಗಿ ಇಂಜಿನ್ನೇ ಓರೆ ಅಂತ ಖಾತ್ರಿ ಆಯ್ತು, ನಿಜ ಹೇಳ್ಬೇಕಂದ್ರೆ ಆವತ್ತು ತುಂಬಾ ಖುಷಿ ಆಯ್ತು.

ಕೆಳಗೆ ಸಂದು ಇದ್ರೆ ಮುಂದಿನ ಎರಡು ಮೌಂಟ್ ಇಳಿಸ್ಬೇಕು, ಮೇಲೆ ಇದ್ರೆ ಏರಿಸ್ಬೇಕು, ಎರಡೂ ಪಕ್ಕ ಒಂದೇ ಸಮ. ಎಷ್ಟು ಅಂದ್ರೆ, ಮುಂದಿನ ಮೌಂಟಿಂದ ಹಿಂದಿನ ಮೌಂಟಿಗೆ ನನ್ನದರಲ್ಲಿ 20 ಇಂಚು, ಕಪ್ಲಿಂಗ್ 4 ಇಂಚು, ಐದು ಪಟ್ಟು ಆಯ್ತಲ್ಲ, 12 ತೌಗೆ 60 ತೌ, ಹತ್ತಿರ ಹತ್ತಿರ 1.5 ಮಿಲಿಮೀಟರ್. ನನ್ನ ಮೌಂಟಿನ ಸ್ಟಡ್ಡಿನ ಥ್ರೆಡ್ ಪಿಚ್ಚೂ (ಒಂದು ಸುತ್ತಿಗೆ ನಟ್ ಸರಿಯೋ ದೂರ) 1.5, ಅಲ್ಲಿಗೆ ಒಂದು ಸುತ್ತು. ಇಳಿಸಿದ ಮೇಲೆ ಫ್ಲ್ಯಾಂಜಿನ ಎತ್ತರನೂ ಒಂಚೂರು ಬದಲಾಗುತ್ತೆ, ಮತ್ತೆ ಉಬ್ಬು ಕೂರುತ್ತಾ ನೋಡಿ, ಮತ್ತೆ ಅಳೆದು, ಮತ್ತೆ ನಟ್ಟಿನ ಒಂದೊಂದೇ ಮುಖ ತಿರುಗಿಸಿ... ಇಲ್ಲೇ ಟೈಮ್ ಹೋಗೋದು, ಅವಸರ ಮಾಡ್ಬೇಡಿ. ಎಡ ಬಲ ಸಂದಿಗೆ ಮೌಂಟಿನ ಬುಡದ ಬೋಲ್ಟ್ ಸಡಿಲ ಮಾಡಿ ಸಣ್ಣ ಹಾರೆಯಿಂದ ಇಂಜಿನ್ ಮೆತ್ತಗೆ ಸರಿಸ್ಬೇಕು. ಲಾಕ್‌ನಟ್ ಬಿಗಿದಾಗ ಮತ್ತೆ ಕದಲುತ್ತೆ, ಬಿಗಿದ ಮೇಲೆ ಇನ್ನೊಂದು ಸಲ ಅಳೆಯದೆ ಕಪ್ಲಿಂಗ್ ಬೋಲ್ಟ್ ಹಾಕ್ಲೇಬೇಡಿ.

ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿದ್ರೆ ಇದೆಲ್ಲ ಬೇಡ ಅನ್ನೋರೂ ಸಿಗ್ತಾರೆ. ನಾನು ಒಪ್ಪಲ್ಲ. ಅದು ನಡುಕ ಮರೆ ಮಾಡುತ್ತೆ ಅಷ್ಟೇ, ಕಟ್‌ಲೆಸ್ ಬೇರಿಂಗ್ ಒಂದೇ ಪಕ್ಕ ಸವೆಯೋದು ನಿಲ್ಲಲ್ಲ.

ನಂದು ಕೊನೆಗೆ 3 ತೌಗೆ ನಿಂತ್ಕೊಂತು, 2400ರಲ್ಲೂ ಟೇಬಲ್ ಮೇಲಿನ ಟೀ ಅಲ್ಲಾಡಲಿಲ್ಲ. ಮೌಂಟಿನ ರಬ್ಬರ್ ಹೊಸದಾಗಿರೋದ್ರಿಂದ 25 ಗಂಟೆ ಇಂಜಿನ್ ಓಡಿದ ಮೇಲೆ ಮತ್ತೆ ಬಿಚ್ಚಿ ನೋಡ್ದೆ, ಮೌಂಟ್ ಕುಸಿದು 5 ಆಗಿತ್ತು, ಹಿಂದಿನ ಎರಡು ನಟ್ ಸ್ವಲ್ಪ ಎತ್ತಿ ಸರಿಮಾಡ್ದೆ. ನಿಮ್ಮ ನಾಲ್ಕು ಜಾಗದ ರೀಡಿಂಗು, ಶಾಫ್ಟ್ ತಿರುಗಿಸಿದ ಮೇಲಿನ ನಾಲ್ಕು, ಎಂಟೂ ಬರೆದು ಹಾಕಿ, ಯಾವ ಮೌಂಟ್ ಮೊದಲು ಮುಟ್ಟಬೇಕು ಅಂತ ನೋಡಿ ಹೇಳ್ತೀನಿ.